ಹೊಸ ರಾಸನ್ನು ಹಳೆಯ ಮಂದೆಗೆ ಸೇರಿಸುವ ಕ್ರಮ

ಸುಗ್ಗಿಯ ಕೆಲಸಗಳು ಮುಗಿಯುತ್ತ ಬಂದಂತೆ ಕನ್ನಡ ನಾಡಿನಲ್ಲಿ ದನಗಳ ಜಾತ್ರೆಗಳು ಸೇರುತ್ತವೆ. ಘಾಟಿ ಸುಬ್ರಹ್ಮಣ್ಯ, ತುಮಕೂರಿನ ಬಳಿಯ ಸಿದ್ಧಗಂಗೆ ಮೊದಲಾದ ಸ್ಥಳಗಳಿಗೆ ರೈತರು ಹೋಗಿ ಹಳ್ಳಿಕಾರ್ ಎತ್ತುಗಳನ್ನು ಕೊಂಡು ತರುವುದು ಬಹುಕಾಲದಿಂದ ನಡೆದುಬಂದಿರುವ ಪದ್ಧತಿಯು. ಕೊಳ್ಳುವಾಗ ಸುಳಿ, ಹಲ್ಲು, ಗೊರಸು, ನಡಿಗೆ ಇವುಗಳನ್ನು ಬಲು ಎಚ್ಚರಿಕೆಯಿಂದ ನೋಡುವ ರೈತನು, ರಾಸನ್ನು ಊರಿಗೆ ತಂದ ದಿನವೇ ಅದನ್ನು ಹಳೆಯ ದನಗಳ ಮಗ್ಗುಲಲ್ಲಿ ಕಟ್ಟಿಬಿಡುವುದುಂಟು. ಇದರಿಂದ ಒಂದು ರಾಸಿನ ಲಾಭಕ್ಕಾಗಿ ಇಡೀ ಕೊಟ್ಟಿಗೆಯನ್ನೇ ಅಪಾಯಕ್ಕೆ ಗುರಿಮಾಡಿದಂತಾಗುತ್ತದೆ.

ಪ್ರತ್ಯೇಕವಾಗಿ ಇರಿಸುವುದು

ಜಾತ್ರೆಯಲ್ಲಿ ಅನೇಕ ಸೀಮೆಗಳ ದನಗಳು ಒಂದೇ ಕಡೆ ನಿಂತು, ಒಂದೇ ತೊಟ್ಟಿಯಲ್ಲಿ ನೀರು ಕುಡಿದಿರುತ್ತವೆ. ಅಲ್ಲಿ ಅಂಟಿದ ರೋಗವು ಕೂಡಲೇ ಕಾಣಿಸಿಕೊಳ್ಳುವುದಿಲ್ಲ. ಕಾಲುಬಾಯಿ ಜ್ವರವು ಸಾಮಾನ್ಯವಾಗಿ 2 ರಿಂದ 14 ದಿನಗಳವರೆಗೆ ಮೈಯಲ್ಲಿ ಅಡಗಿರುತ್ತದೆ. ಭಾರತದಲ್ಲಿ 2019ರಲ್ಲಿ ಮೊದಲು ಕಂಡುಬಂದ ಚರ್ಮಗಂಟು ರೋಗವು ಹೊರಬೀಳಲು ನಾಲ್ಕು ವಾರಗಳವರೆಗೂ ಹಿಡಿಯಬಹುದು. ಆದಕಾರಣ ಕೊಂಡ ದಿನ ರಾಸು ಮೇವು ತಿಂದು ಮೆಲುಕು ಹಾಕುತ್ತಿತ್ತೆಂಬುದು ಅದರ ಆರೋಗ್ಯಕ್ಕೆ ಸಾಕಾದ ಸಾಕ್ಷ್ಯವಲ್ಲ.

ಹೊಸ ರಾಸನ್ನು 30 ದಿನಗಳವರೆಗೆ ಕೊಟ್ಟಿಗೆಯಿಂದ ದೂರದಲ್ಲಿ, ಹೊಲದ ಗುಡಿಸಲಿನಲ್ಲಾಗಲಿ ಕಣದ ಚಪ್ಪರದಲ್ಲಾಗಲಿ ಕಟ್ಟತಕ್ಕದ್ದು. ಅದರ ಹಗ್ಗ, ಬಕೆಟ್ಟು, ಮೇವಿನ ಪುಟ್ಟಿಗಳು ಬೇರೆಯಾಗಿರಬೇಕು. ಒಬ್ಬನೇ ಆಳು ಎರಡು ಕಡೆಯೂ ನೋಡಿಕೊಳ್ಳುವುದಾದರೆ ಮೊದಲು ಹಳೆಯ ದನಗಳ ಕೆಲಸವನ್ನು ಮುಗಿಸಿ, ಅನಂತರ ಹೊಸದರ ಬಳಿಗೆ ಹೋಗಿ, ಕೈಕಾಲುಗಳನ್ನು ಸೋಪಿನಿಂದ ತೊಳೆದುಕೊಳ್ಳಬೇಕು. ಉಣ್ಣೆಹುಳುಗಳಿದ್ದರೆ ವೈದ್ಯರು ಹೇಳಿದ ಔಷಧಿಯಿಂದ ಅವುಗಳನ್ನು ನಾಶಪಡಿಸಬೇಕು. ಚರ್ಮಗಂಟು ರೋಗವು ಕಚ್ಚುವ ನೊಣ ಸೊಳ್ಳೆಗಳ ಮೂಲಕವೂ ಹರಡುವುದರಿಂದ ಸಗಣಿ ಗಂಜಲಗಳು ನಿಲ್ಲದಂತೆ ಸ್ಥಳವನ್ನು ಚೊಕ್ಕಟವಾಗಿಡುವುದು ಅವಶ್ಯಕ.

ಪರೀಕ್ಷೆ ಮತ್ತು ಚುಚ್ಚುಮದ್ದು

ಈ ಅವಧಿಯಲ್ಲಿ ರಾಸನ್ನು ಪಶುವೈದ್ಯರಿಗೆ ತೋರಿಸಬೇಕು. ಹಸುವಾದರೆ ಕಂದು ಹಾಕುವ ರೋಗಕ್ಕಾಗಿ ರಕ್ತಪರೀಕ್ಷೆಯನ್ನು ಮಾಡಿಸತಕ್ಕದ್ದು. ಈ ರೋಗವುಳ್ಳ ಹಸುವು ನೋಡುವುದಕ್ಕೆ ದೃಢವಾಗಿಯೇ ಇದ್ದು, ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿ ಮಂದೆಗೆಲ್ಲಾ ಅಂಟಿಸಬಲ್ಲದು. ಕಾಯಿಸದ ಹಾಲಿನಿಂದ ಮನುಷ್ಯರಿಗೂ ಇದು ಬರುತ್ತದೆ. ಕ್ಷಯದ ಪರೀಕ್ಷೆಯಲ್ಲಿ ಚರ್ಮದೊಳಗೆ ಮದ್ದನ್ನು ಚುಚ್ಚಿ, ಮೂರನೆಯ ದಿನ ಊತವನ್ನು ಅಳೆಯುತ್ತಾರೆ. ಚುಚ್ಚುಮದ್ದು ಹಾಕಿಸಿದ ದಿನವೇ ರಕ್ಷಣೆಯು ದೊರೆಯುವುದಿಲ್ಲ. ಅದಕ್ಕೆ ಎರಡು ಮೂರು ವಾರಗಳು ಬೇಕಾಗುವುದರಿಂದ, ಜಾತ್ರೆಗೆ ಹೊರಡುವ ಮೊದಲೇ ಹಳೆಯ ದನಗಳಿಗೆ ಹಾಕಿಸಿಟ್ಟಿರುವುದು ಜಾಣತನ.

ಮೇವಿನ ಬದಲಾವಣೆ

ರಾಗಿಹುಲ್ಲಿಗೆ ಒಗ್ಗಿದ ರಾಸಿಗೆ ಒಮ್ಮೆಲೇ ಹಸಿಮೇವು, ಹಿಂಡಿ ಹೇರಳವಾಗಿ ಹಾಕಿದರೆ ಹೊಟ್ಟೆಯುಬ್ಬರವಾಗಲಿ ಭೇದಿಯಾಗಲಿ ಆಗುವುದುಂಟು. ಮೆಲುಕುಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮೇವನ್ನು ಅರಗಿಸುವ ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ನಿಧಾನವಾಗಿ ಹೊಂದಿಕೊಳ್ಳುವುದೇ ಇದಕ್ಕೆ ಕಾರಣ. ಮಾರಿದವನಿಂದ ಹಳೆಯ ಮೇವಿನ ಕ್ರಮವನ್ನು ಕೇಳಿ ತಿಳಿದು, 7 ರಿಂದ 10 ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಾಯಿಸಬೇಕು.

ಮಂದೆಯಲ್ಲಿ ಕೂಡಿಸುವುದು

ಮಂದೆಯಲ್ಲಿ ದನಗಳಿಗೆ ತಮ್ಮದೇ ಆದ ಮೇಲುಕೀಳುಗಳಿವೆ. ನೀರಿಗೆ ಯಾವುದು ಮೊದಲು, ಗೋದಲಿಯಲ್ಲಿ ಯಾವುದು ಹಿಂದೆ ಸರಿಯಬೇಕು ಎಂಬುದು ಅವುಗಳಿಗೆ ತಿಳಿದಿರುತ್ತದೆ. ಹೊಸದು ಬಂದಾಗ ಈ ಏರ್ಪಾಡು ಕದಡಿ ಹಾಯುವುದು, ತಿವಿಯುವುದು ಮೊದಲಾಗುತ್ತದೆ. ಆದುದರಿಂದ ಅವಧಿಯು ಮುಗಿದ ಮೇಲೆ ಕೆಲವು ದಿನ ನಡುವೆ ಗಟ್ಟಿಯಾದ ಬೇಲಿಯಿಟ್ಟು, ಅವು ಒಂದನ್ನೊಂದು ನೋಡಿ ಮೂಸುವಂತೆ ಕಟ್ಟಬೇಕು. ಅನಂತರ ಹಳೆಯ ದನಗಳು ಹೊಟ್ಟೆತುಂಬ ಮೇದಿರುವಾಗ, ವಿಶಾಲವಾದ ಬಯಲಿನಲ್ಲಿ ಹೊಸದನ್ನು ಬಿಡಬೇಕು. ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ಸೋತ ರಾಸಿಗೆ ತಪ್ಪಿಸಿಕೊಳ್ಳಲು ದಾರಿಯಿರುವುದಿಲ್ಲ. ಬಯಲಿನಲ್ಲಿ ಅದು ಹಿಂದೆಗೆದರೆ ಜಗಳವು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಮೇವನ್ನೂ ನೀರನ್ನೂ ಎರಡು ಮೂರು ಕಡೆ ಇಡುವುದು ಒಳ್ಳೆಯದು. ತುಂಬುಗಬ್ಬದ ಹಸುವನ್ನು ಈ ಗಲಾಟೆಗೆ ಬಿಡಕೂಡದು. ಕರೆಯುವ ಹಸುಗಳ ಹಾಲು ಕೆಲವು ದಿನ ತಗ್ಗಬಹುದು. ಮಂದೆಯು ನೆಲೆಗೊಂಡಂತೆ ಅದು ಸರಿಹೋಗುತ್ತದೆ.

ಜೋಡಿಯ ಎತ್ತು ಬೇಕಾಗಿರುವವನು ಇಷ್ಟು ದಿನ ಕಾಯುವುದೆಂತು ಎಂದು ಕೇಳಬಹುದು. ಉಳುಮೆಯ ಹೊತ್ತಿಗೆ ಕೊಳ್ಳದೆ ಮೊದಲ ಜಾತ್ರೆಗಳಲ್ಲೇ ಕೊಂಡರೆ, ಮುಂಗಾರಿಗೆ ಮುಂಚೆ ಈ 30 ದಿನಗಳು ದೊರೆಯುತ್ತವೆ. ನೊಗಕ್ಕೆ ಹೂಡಿ ಹಗುರವಾದ ಕೆಲಸದಲ್ಲಿ ಪಳಗಿಸಲು ಸಮಯವೂ ಉಳಿಯುತ್ತದೆ.

ಗ್ರಾಮದ ಮುಖಂಡರ ಹೊಣೆ

ಒಬ್ಬನ ಕೊಟ್ಟಿಗೆಯ ರೋಗವು ಅವನ ಕೊಟ್ಟಿಗೆಯಲ್ಲೇ ನಿಲ್ಲುವುದಿಲ್ಲ. ಗೋಮಾಳವೂ ಕೆರೆಯೂ ಊರಿಗೆಲ್ಲಾ ಒಂದೇ. ಆದುದರಿಂದ ಹೊರಗಿನಿಂದ ಬಂದ ರಾಸನ್ನು 30 ದಿನಗಳವರೆಗೆ ಊರಮಂದೆಗೆ ಬಿಡಕೂಡದೆಂದು ಗ್ರಾಮಸ್ಥರಲ್ಲಿ ಒಡಂಬಡಿಕೆ ಮಾಡಿಸುವುದು ಮುಖಂಡರ ಕರ್ತವ್ಯ. ಭೂಮಾಲೀಕರು ಮೊದಲು ತಾವೇ ಇದನ್ನು ನಡಸಿ ತೋರಿಸಿದರೆ ಉಳಿದವರು ಅನುಸರಿಸುವರು. ಹಿಂದೆ ಹಳ್ಳಿಗಳ ದನಗಳನ್ನೇ ಬರಿದುಮಾಡುತ್ತಿದ್ದ ದೊಡ್ಡರೋಗವು 2011ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಚುಚ್ಚುಮದ್ದಿನಿಂದಲೂ, ಸೋಂಕಿನ ದನಗಳ ಓಡಾಟವನ್ನು ತಡೆದುದರಿಂದಲೂ ಇದು ಸಾಧ್ಯವಾಯಿತು. ಉಳಿದ ರೋಗಗಳನ್ನು ಊರಿನ ಗಡಿಯಲ್ಲೇ ತಡೆಯುವುದಕ್ಕೂ ಇದೇ ಮಾರ್ಗವು.