ಸಮಿತಿ ಮುಂದೆ ಬರುವ ಪುಟ್ಟ ಮಗುವಿಗೆ ಏನು ಬೇಕು?

ಬೆಂಗಳೂರಿನಿಂದ ಬಂದ ರೈಲು ಚೆನ್ನೈ ಸೆಂಟ್ರಲ್‌ನಲ್ಲಿ ಖಾಲಿಯಾಗಿದೆ. ಮೂರು ವರ್ಷದ ಮಗುವೊಂದು ಪ್ಲಾಟ್‌ಫಾರಂನಲ್ಲಿ ಒಂಟಿಯಾಗಿ ಅಳುತ್ತಿದೆ ಎಂದುಕೊಳ್ಳಿ. ಕನಿಕರಪಟ್ಟು ಮನೆಗೆ ಕರೆದೊಯ್ಯುವುದಂತೂ ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ರೈಲ್ವೆ ಪೊಲೀಸರಿಗೆ ತಿಳಿಸಿ. 2015ರ ಬಾಲನ್ಯಾಯ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ 24 ಗಂಟೆಯೊಳಗೆ ತಿಳಿಸುವುದು ಕಡ್ಡಾಯ. ತಿಳಿಸದೇ ಹೋದರೆ ಆರು ತಿಂಗಳವರೆಗೆ ಜೈಲು, ಹತ್ತು ಸಾವಿರ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವುದೂ ತಪ್ಪು. ಮಗುವಿನ ಗುರುತು ಬಹಿರಂಗವಾಗುವುದನ್ನು 74ನೇ ಸೆಕ್ಷನ್ ತಡೆಯುತ್ತದೆ.

ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಸಭೆ ಇಲ್ಲದ ದಿನ ಒಬ್ಬ ಸದಸ್ಯರ ಮುಂದಾದರೂ ಸರಿ. ಎರಡು ವರ್ಷದೊಳಗಿನ ಕೂಸಿಗೆ ಆರೋಗ್ಯ ಸರಿಯಿಲ್ಲದಿದ್ದರೆ ಫೋಟೊ ಸಮೇತ ಲಿಖಿತ ವರದಿ ಕಳಿಸಿ, ಗುಣವಾದ ಮೇಲೆ ವೈದ್ಯರ ಪ್ರಮಾಣಪತ್ರದೊಂದಿಗೆ ಕರೆತಂದರೆ ಸಾಕು.

ಕಾಗದಪತ್ರದಲ್ಲಿ ವಯಸ್ಸು, ಸಿಕ್ಕ ಜಾಗ, ತೊಟ್ಟ ಬಟ್ಟೆ ಎಲ್ಲ ಬರುತ್ತದೆ. ಆದರೆ ಅಂದಿನ ರಾತ್ರಿ ಮಗುವನ್ನು ನೋಡಿಕೊಳ್ಳುವ ಆಯಾಗೆ ಬೇಕಾದ್ದು ಬೇರೆ: ಮಗು ಹಾಲು ಲೋಟದಲ್ಲಿ ಕುಡಿಯುತ್ತದೋ ಬಾಟಲಿಯಲ್ಲೋ, ದೀಪವಿಲ್ಲದೆ ಮಲಗುತ್ತದೋ, ಯಾವ ಔಷಧಿಗೆ ಅಲರ್ಜಿ, 'ಉಚ್ಚೆ' ಎನ್ನಲು ಏನು ಹೇಳುತ್ತದೆ. ತಮಿಳು ಮಾತ್ರ ಬಲ್ಲ ಆಯಾಳ ಮುಂದೆ ಕನ್ನಡದ ಕಂದ ಬಾಯಿಲ್ಲದಂತೆಯೇ ಸರಿ. ನೀವು ಮಗುವಿನ ಮನೆಯವರನ್ನು ಬಲ್ಲವರೋ ನೆರೆಮನೆಯವರೋ ಅಂಗನವಾಡಿ ಟೀಚರೋ ಆಗಿದ್ದರೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಮಿತಿಗೆ ಕೊಡಿ. ದುಭಾಷಿ ಬೇಕೆಂದೂ ಕೇಳಿ. ಮಗು ಕೈಯಲ್ಲಿ ಹಿಡಿದ ಹಳೇ ಚಾದರ ಕೊಳೆಯಾಗಿದೆಯೆಂದು ಕಸಿದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಹೊತ್ತಿಗೆ ಮಗುವಿನ ಪಾಲಿಗೆ ಉಳಿದ ಮನೆ ಆ ಚಾದರವೊಂದೇ.

ಅಕ್ಕ-ತಮ್ಮ ಜೊತೆಗೆ ಸಿಕ್ಕರೆ ಇನ್ನೊಂದು ತೊಡಕು. ತ್ಯಜಿಸಲ್ಪಟ್ಟಂತೆ ಕಾಣುವ ಆರು ವರ್ಷದೊಳಗಿನ ಮಗು ವಿಶೇಷ ದತ್ತು ಸಂಸ್ಥೆಗೆ, ದೊಡ್ಡದು ಬಾಲಮಂದಿರಕ್ಕೆ ಹೋಗುವ ಸಾಧ್ಯತೆ ಇದೆ. ಅಗಲಿಸಬೇಡಿ ಎಂದು ಲಿಖಿತವಾಗಿ ಕೋರಿ. ದತ್ತು ಸಂಸ್ಥೆಗೆ ಕಳಿಸಿದ ಮಾತ್ರಕ್ಕೆ ಮಗು ಕೈತಪ್ಪಿತೆಂದಲ್ಲ. ಮೊದಲು ಹೆತ್ತವರನ್ನು ಹುಡುಕಲೇಬೇಕು. ದತ್ತು ಕೊಡಲು ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿಸಲು ಎರಡು ವರ್ಷದವರೆಗಿನ ಮಗುವಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡದಕ್ಕೆ ನಾಲ್ಕು ತಿಂಗಳ ಗಡುವಿದೆ. ಮಗು ಕರ್ನಾಟಕದ್ದೆಂದು ತಿಳಿದರೆ 95ನೇ ಸೆಕ್ಷನ್‌ನಡಿ ಊರಿನ ಸಮಿತಿಗೆ ಕಳಿಸಬಹುದು. ಹೆಣ್ಣುಮಗುವಾದರೆ ಜೊತೆಯಲ್ಲಿ ಮಹಿಳೆ ಇರಬೇಕು.

ಸಂಸ್ಥೆಯ ವಾಸ ಕೊನೆಯ ದಾರಿ ಎನ್ನುತ್ತದೆ ಕಾಯ್ದೆ. ಅಲ್ಲಿನ ಅಪಾಯಕ್ಕೆ ಒಂದು ಉದಾಹರಣೆ: 2020ರ ಜೂನ್‌ನಲ್ಲಿ ಚೆನ್ನೈ ರಾಯಪುರಂನ ಸರ್ಕಾರಿ ಬಾಲಗೃಹದ 35 ಮಕ್ಕಳಿಗೆ ಕೊರೊನಾ ತಗುಲಿದಾಗ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ತಮಿಳುನಾಡು ಸರ್ಕಾರದಿಂದ ವರದಿ ಕೇಳಿತ್ತು.

ಸಮಿತಿಯ ಆದೇಶ ಸರಿಯೆನಿಸದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ.