ಆಲಿಕಲ್ಲು ಮಳೆ ಮತ್ತು ಮನೆಯ ಛಾವಣಿ: ರಕ್ಷಣೆ, ದುರಸ್ತಿ, ಪರಿಹಾರ

ಫೆಬ್ರವರಿಯ ಕೊನೆಯಿಂದ ಮೇ ತಿಂಗಳವರೆಗಿನ ಅವಧಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ನೆಲವು ಹಗಲೆಲ್ಲ ಕಾದು, ಮಧ್ಯಾಹ್ನ ಕಳೆದ ಮೇಲೆ ಆಕಾಶವು ಹಠಾತ್ತನೆ ಕಪ್ಪಿಡುವುದು ಅಪರೂಪವಲ್ಲ. ಗುಡುಗು, ಮಿಂಚು, ಬಿರುಗಾಳಿಗಳ ಬೆನ್ನಿಗೆ ಕೆಲವೊಮ್ಮೆ ಆಲಿಕಲ್ಲು ಸುರಿಯುತ್ತದೆ. ಬೀದರ್, ಕಲಬುರಗಿ ಜಿಲ್ಲೆಗಳ ಜನರಿಗೂ, ಸೋಲಾಪುರ, ಲಾತೂರು, ಪುಣೆ, ಹೈದರಾಬಾದುಗಳ ಕಡೆ ನೆಲೆಸಿದ ಕನ್ನಡಿಗರಿಗೂ ಇದು ಪರಿಚಿತವಾದ ಅನುಭವ. ಉತ್ತರದ ಬಯಲಿನಲ್ಲಿ, ದೆಹಲಿಯ ಸುತ್ತಮುತ್ತಲೂ ಇದೇ ಋತುವಿನಲ್ಲಿ ಆಲಿಕಲ್ಲು ಬೀಳುವುದುಂಟು. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಇದು ಅಪರೂಪ. ಆದರೆ ಅಲ್ಲಿ ವಾಸಿಸುವ ಅನೇಕರ ಹಿರಿಯರ ಮನೆಗಳು ಒಳನಾಡಿನಲ್ಲಿಯೇ ಇವೆ.

2014ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ತಿಂಗಳಿನಲ್ಲಿ ಮಹಾರಾಷ್ಟ್ರದ ಮರಾಠವಾಡ, ವಿದರ್ಭ ಮೊದಲಾದ ಪ್ರದೇಶಗಳಲ್ಲಿ ಸುರಿದ ಆಲಿಕಲ್ಲು ಬೆಳೆಗಳನ್ನಲ್ಲದೆ ಮನೆಗಳನ್ನೂ ಹಾಳುಗೆಡವಿತು. ಇನ್ನೂ ಹಿಂದೆ, 1888ರ ಏಪ್ರಿಲ್ 30ರಂದು ಉತ್ತರ ಭಾರತದ ಮೊರಾದಾಬಾದಿನ ಬಳಿ ಬಿದ್ದ ಆಲಿಕಲ್ಲು ಮಳೆಯಲ್ಲಿ 246 ಜನ ಪ್ರಾಣ ಕಳೆದುಕೊಂಡರು. ಲಭ್ಯ ದಾಖಲೆಗಳ ಪೈಕಿ ಅತ್ಯಂತ ಹೆಚ್ಚು ಜೀವಹಾನಿ ಮಾಡಿದ ಆಲಿಕಲ್ಲು ಮಳೆ ಇದೇ ಎಂದು ವಿಶ್ವ ಹವಾಮಾನ ಸಂಸ್ಥೆಯು 2017ರಲ್ಲಿ ಘೋಷಿಸಿದೆ. ತಲೆಯ ಮೇಲೊಂದು ಗಟ್ಟಿಯಾದ ಸೂರು ಇರುವುದರ ಬೆಲೆ ಇದರಿಂದ ಮನವರಿಕೆಯಾಗುತ್ತದೆ.

ಆಲಿಕಲ್ಲು ಉಂಟಾಗುವ ಬಗೆ

ನೆಲದ ಬಿಸಿಯಿಂದ ಮೇಲೇರಿದ ತೇವಭರಿತ ಗಾಳಿಯು ಎತ್ತರದಲ್ಲಿ ತಣಿದು, ಗೋಪುರದಂತೆ ಬೆಳೆದ ಗುಡುಗು ಮೋಡಗಳನ್ನು ನಿರ್ಮಿಸುತ್ತದೆ. ಈ ಮೋಡಗಳ ಮೇಲ್ಭಾಗದಲ್ಲಿ ನೀರಿನ ಹನಿಗಳು ಸೊನ್ನೆ ಡಿಗ್ರಿಗಿಂತ ಕೆಳಗೆ ತಣಿದಿದ್ದರೂ ದ್ರವರೂಪದಲ್ಲಿಯೇ ಇರುತ್ತವೆ. ಅವು ಸಣ್ಣ ಹಿಮದ ಕಣವೊಂದಕ್ಕೆ ತಾಗಿದೊಡನೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತವೆ. ಮೇಲ್ಮುಖವಾಗಿ ಬೀಸುವ ಗಾಳಿ ಪ್ರಬಲವಾಗಿದ್ದಷ್ಟು ಹೊತ್ತು ಕಲ್ಲು ಮೋಡದಲ್ಲಿಯೇ ಉಳಿದು ದಪ್ಪವಾಗುತ್ತದೆ. ಗಾಳಿಗೆ ಹೊರಲಾರದಷ್ಟು ಭಾರವಾದಾಗ ನೆಲಕ್ಕೆ ಬೀಳುತ್ತದೆ. ಎರಡೂವರೆಯಿಂದ ನಾಲ್ಕೂವರೆ ಸೆಂಟಿಮೀಟರ್ ವ್ಯಾಸದ ಕಲ್ಲುಗಳು ಗಂಟೆಗೆ ಸುಮಾರು 40ರಿಂದ 65 ಕಿಲೋಮೀಟರ್ ವೇಗದಲ್ಲಿ ಛಾವಣಿಗೆ ಅಪ್ಪಳಿಸುತ್ತವೆ. ಬಿರುಗಾಳಿಯೂ ಜೊತೆಗೂಡಿದರೆ ಓರೆಯಾಗಿ ಬಡಿದು ಕಿಟಕಿಯ ಗಾಜುಗಳನ್ನೂ ಒಡೆಯುತ್ತವೆ.

ಛಾವಣಿಗೆ ತಕ್ಕಂತೆ ಹಾನಿ

ಎಲ್ಲ ಛಾವಣಿಗಳೂ ಒಂದೇ ಬಗೆಯಾಗಿ ಪೆಟ್ಟು ತಿನ್ನುವುದಿಲ್ಲ. ಮಂಗಳೂರು ಹಂಚು ಒಡೆದರೆ ಹೋಳಾಗುತ್ತದೆ. ಹಾನಿಯು ಕಣ್ಣಿಗೆ ಕಾಣುತ್ತದೆ ಮತ್ತು ಒಡೆದ ಹಂಚನ್ನಷ್ಟೇ ಬದಲಿಸಬಹುದು. ಕಬ್ಬಿಣದ ತಗಡು ಸಾಮಾನ್ಯವಾಗಿ ತೂತಾಗದೆ ತಗ್ಗುಬೀಳುತ್ತದೆ. ಆದರೆ ಸತುವಿನ ಲೇಪ ಕಿತ್ತಲ್ಲಿ ತುಕ್ಕು ಹಿಡಿದು, ಒಂದೆರಡು ಮಳೆಗಾಲಗಳ ನಂತರ ಸೋರತೊಡಗುತ್ತದೆ. ಕಲ್ನಾರು ಸಿಮೆಂಟಿನ ಶೀಟು ಎಲ್ಲಕ್ಕಿಂತ ಮೋಸಗೊಳಿಸುವಂತಹುದು. ಅದು ಗಡುಸಾಗಿ ಕಂಡರೂ ಬಿಸಿಲಿಗೆ ಹಳತಾದಂತೆ ಪೆಡಸಾಗುತ್ತದೆ. ಕೂದಲೆಳೆಯಷ್ಟು ಸಣ್ಣ ಬಿರುಕು ಬಿಟ್ಟಿದ್ದರೂ ಹೊರನೋಟಕ್ಕೆ ತಿಳಿಯುವುದಿಲ್ಲ.

ಕಾಂಕ್ರೀಟಿನ ತಾರಸಿಯನ್ನು ಆಲಿಕಲ್ಲು ಒಡೆಯುವುದು ವಿರಳ. ಅಲ್ಲಿನ ಅಪಾಯ ಬೇರೆ. ಎಲೆ, ಕಸ ಹಾಗೂ ಆಲಿಕಲ್ಲು ಸೇರಿ ನೀರು ಹೋಗುವ ಕೊಳವೆಯ ಬಾಯಿ ಮುಚ್ಚಿದರೆ ತಾರಸಿಯು ಕೆರೆಯಾಗುತ್ತದೆ. ಹತ್ತು ಸೆಂಟಿಮೀಟರ್ ಎತ್ತರಕ್ಕೆ ಕೂಡಿದ ಆಲಿಕಲ್ಲು ಪ್ರತಿ ಚದರ ಮೀಟರಿಗೆ ಸುಮಾರು 50 ಕಿಲೋಗ್ರಾಂ ಭಾರವಾಗುತ್ತದೆ ಎಂಬುದನ್ನು, ವಿಶೇಷವಾಗಿ ಎರಡು ಇಳಿಜಾರುಗಳು ಕೂಡುವ ದೋಣಿಗಳ ವಿಷಯದಲ್ಲಿ, ಗಮನದಲ್ಲಿಡಬೇಕು. ಸೌರ ಫಲಕಗಳನ್ನು 25 ಮಿಲಿಮೀಟರ್ ವ್ಯಾಸದ ಹಿಮಗುಂಡಿನಿಂದ ಹೊಡೆದು ಪರೀಕ್ಷಿಸುವ ಪದ್ಧತಿಯಿದೆ. ಅದಕ್ಕಿಂತ ದೊಡ್ಡ ಕಲ್ಲು ಬಿದ್ದರೆ ಗಾಜು ಸೀಳಬಹುದು. ನೀರು ಕಾಯಿಸುವ ಸೌರ ಉಪಕರಣದ ಗಾಜಿನ ನಳಿಗೆಗಳು ಇನ್ನೂ ನಾಜೂಕಾದವು.

ಮೊದಲ ಕೆಲವು ಗಂಟೆಗಳು

ಒಂದು ದೃಷ್ಟಾಂತವನ್ನು ಪರಿಶೀಲಿಸಬಹುದು. ಸೋಲಾಪುರದ ಹೊರವಲಯದಲ್ಲಿ ಕಲ್ನಾರು ಶೀಟು ಹೊದಿಸಿದ ಎರಡು ಕೋಣೆಗಳ ಮನೆ. ಸಂಜೆ ಕಾಲು ಗಂಟೆ ಆಲಿಕಲ್ಲು ಬಿದ್ದು ನಿಂತಿದೆ. ಅಡುಗೆಮನೆಯಲ್ಲಿ ಮೂರು ಕಡೆ ನೀರು ತೊಟ್ಟಿಕ್ಕುತ್ತಿದೆ; ವರ್ಷದ ಜೋಳದ ಚೀಲಗಳು ನೆನೆಯುತ್ತಿವೆ. ಮನೆಯ ಯಜಮಾನನು ಪ್ಲಾಸ್ಟಿಕ್ ಹಾಳೆಯನ್ನು ಹೆಗಲಿಗೇರಿಸಿ, ಕತ್ತಲಾಗುವ ಮುನ್ನ ಮೇಲೇರಬೇಕೆಂದು ಏಣಿಗೆ ಕೈಹಾಕುತ್ತಾನೆ. ಆ ಕುಟುಂಬವು ನಿಜವಾದ ಅಪಾಯವನ್ನು ಎದುರಿಸುವುದು ಈ ಗಳಿಗೆಯಲ್ಲಿ. ಬಿರುಕುಬಿಟ್ಟ ಒದ್ದೆ ಶೀಟು ಮನುಷ್ಯನ ಭಾರವನ್ನು ತಾಳಲಾರದು. ಮುನ್ಸೂಚನೆ ಕೊಡದೆ ಮುರಿಯುತ್ತದೆ. ಚೀಲ ನೆನೆದರೆ ಒಂದು ವರ್ಷದ ಧಾನ್ಯಕ್ಕೆ ನಷ್ಟ. ಯಜಮಾನನು ಕೆಳಗಿನ ನೆಲಕ್ಕೆ ಬಿದ್ದು ಬೆನ್ನುಮೂಳೆ ಮುರಿದರೆ ಮನೆಯ ದುಡಿಮೆಯೇ ನಿಂತುಹೋಗುತ್ತದೆ.

ಆದುದರಿಂದ ಮಳೆ ನಿಂತ ತಕ್ಷಣ ಮಾಡತಕ್ಕ ಕೆಲಸಗಳೆಲ್ಲವೂ ಮನೆಯ ಒಳಗೇ ಇವೆ. ಮಕ್ಕಳನ್ನೂ ವೃದ್ಧರನ್ನೂ ಸೋರದ ಕೋಣೆಗೆ ಕಳುಹಿಸಬೇಕು. ವಿದ್ಯುತ್ ದೀಪ, ಪಂಖ ಅಥವಾ ಸ್ವಿಚ್ಚುಗಳ ಬಳಿ ನೀರು ಇಳಿಯುತ್ತಿದ್ದರೆ, ಒಣಗಿದ ಕೈಯಿಂದ, ಒಣ ನೆಲದ ಮೇಲೆ ನಿಂತು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಸ್ವಿಚ್ಚಿನ ಪೆಟ್ಟಿಗೆಯೇ ನೆನೆದಿದ್ದರೆ ಅದನ್ನು ಮುಟ್ಟದೆ ವಿದ್ಯುತ್ ಇಲಾಖೆಗೆ ತಿಳಿಸಬೇಕು. ಧಾನ್ಯ, ಹಾಸಿಗೆ, ಕಾಗದಪತ್ರಗಳನ್ನು ಸರಿಸಿ, ಸೋರುವೆಡೆಯಲ್ಲಿ ಪಾತ್ರೆಗಳನ್ನಿಡಬೇಕು. ಸುಣ್ಣದ ಅಥವಾ ಹಲಗೆಯ ಒಳಮಾಳಿಗೆ ನೀರು ತುಂಬಿ ಉಬ್ಬಿದ್ದರೆ ಅದರ ಕೆಳಗೆ ಯಾರೂ ನಿಲ್ಲಬಾರದು. ಸೌರ ಫಲಕ ಒಡೆದಿದ್ದರೆ ಅದನ್ನು ಬರಿಗೈಯಿಂದ ಮುಟ್ಟಲೇಬಾರದು. ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿದರೂ ಬೆಳಕು ಬೀಳುವವರೆಗೆ ಫಲಕದಲ್ಲಿ ವಿದ್ಯುತ್ ಉತ್ಪತ್ತಿಯಾಗುತ್ತಲೇ ಇರುತ್ತದೆ.

ಮರುದಿನ ಹಗಲಿನಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಒಳಗಿನಿಂದ ಮೇಲೆ ನೋಡಿದರೆ, ಬಿರುಕಿದ್ದಲ್ಲಿ ಬೆಳಕಿನ ಗೆರೆಗಳು ಕಾಣುತ್ತವೆ. ಅವುಗಳ ಕೆಳಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿಕೊಂಡರೆ ಕೆಲಸಗಾರನಿಗೂ ಅನುಕೂಲ, ಪರಿಶೀಲನೆಗೆ ಬರುವ ಅಧಿಕಾರಿಗೂ ಅನುಕೂಲ.

ತಾತ್ಕಾಲಿಕ ಹೊದಿಕೆ ಮತ್ತು ದುರಸ್ತಿ

ತಾಡಪತ್ರಿಯನ್ನು ಹೊದಿಸುವಾಗ ಅದು ಮಾಡಿನ ನೆತ್ತಿಯನ್ನು ದಾಟಿ ಆಚೆಯ ಇಳಿಜಾರಿಗೂ ಚಾಚಿರಬೇಕು. ಇಲ್ಲವಾದರೆ ನೀರು ಅದರ ಅಡಿಗೇ ಹರಿಯುತ್ತದೆ. ಅಂಚುಗಳನ್ನು ಮರದ ಪಟ್ಟಿಗೆ ಸುತ್ತಿ ತೊಲೆಗಳಿಗೆ ಕಟ್ಟುವುದು ಸರಿಯಾದ ಕ್ರಮ. ಕಲ್ಲು, ಇಟ್ಟಿಗೆಗಳನ್ನು ಹೇರಿ ಬಿಡುವ ರೂಢಿ ಅಪಾಯಕರ. ಮುಂದಿನ ಗಾಳಿಗೆ ಅವೇ ಕೆಳಗಿದ್ದವರ ತಲೆಯ ಮೇಲೆ ಬೀಳುತ್ತವೆ. ಛಾವಣಿ ಏರುವುದು ಅನಿವಾರ್ಯವಾದರೆ ಅನುಭವಿ ಕೆಲಸಗಾರನೇ, ಶೀಟು ಒಣಗಿದ ಮೇಲೆ, ತೊಲೆಯಿಂದ ತೊಲೆಗೆ ಹಾಸಿದ ಗಟ್ಟಿ ಹಲಗೆಗಳ ಮೇಲೆ ಮಾತ್ರ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಡೆಯಬೇಕು. ಏಣಿಯ ಬುಡವು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಗೋಡೆಯಿಂದ ದೂರವಿರಬೇಕು; ಕೆಳಗೊಬ್ಬರು ಹಿಡಿದಿರಬೇಕು.

ಕಲ್ನಾರಿನ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಹೋದರೆ, ಅನೇಕ ವರ್ಷಗಳ ನಂತರ ಶ್ವಾಸಕೋಶದ ಕಾಯಿಲೆ ಹಾಗೂ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಆದಕಾರಣ ಒಡೆದ ತುಂಡುಗಳನ್ನು ನೀರಿನಿಂದ ನೆನೆಸಿ, ಬಾಯಿ ಮೂಗು ಮುಚ್ಚುವ ಸೂಕ್ತ ಮುಖವಾಡ ಧರಿಸಿ ಎತ್ತಬೇಕು; ಒಣ ಪೊರಕೆಯಿಂದ ಗುಡಿಸಬಾರದು, ಗರಗಸದಿಂದ ಕೊಯ್ಯಬಾರದು, ಪುಡಿಮಾಡಿ ಅಂಗಳಕ್ಕೆ ಹಾಸಬಾರದು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು, ವಿಲೇವಾರಿಯ ಬಗ್ಗೆ ಸ್ಥಳೀಯ ನಗರಸಭೆ ಅಥವಾ ಪಂಚಾಯತಿಯನ್ನು ಕೇಳಬೇಕು.

ಹೊಸ ಹೊದಿಕೆಯನ್ನು ಕೊಳ್ಳುವಾಗ ಭಾರತೀಯ ಮಾನಕ ಗುರುತನ್ನು ನೋಡುವುದು ಒಳ್ಳೆಯದು. ಸತುವು ಲೇಪಿತ ಉಕ್ಕಿನ ತಗಡಿಗೆ ಐ.ಎಸ್. 277, ಮಂಗಳೂರು ಮಾದರಿಯ ಹಂಚಿಗೆ ಐ.ಎಸ್. 654 ಎಂಬ ಮಾನಕಗಳಿವೆ. ಅಲೆಯಾಕಾರದ ಹಾಳೆಗಳನ್ನು ಸೂರಿನ ಕಡೆಯಿಂದ ನೆತ್ತಿಯ ಕಡೆಗೆ ಹಾಕುತ್ತ ಹೋಗಬೇಕು. ಮೇಲಿನ ಹಾಳೆಯು ಕೆಳಗಿನದರ ಮೇಲೆ ಕನಿಷ್ಠ 15 ಸೆಂಟಿಮೀಟರ್ ಚಾಚಿರಬೇಕು. ಬೋಲ್ಟಿನ ರಂಧ್ರವನ್ನು ನೀರು ಹರಿಯುವ ತಗ್ಗಿನಲ್ಲಲ್ಲದೆ ಅಲೆಯ ಉಬ್ಬಿನಲ್ಲಿ ಕೊರೆದು, ಕೆಳಗೆ ನೀರು ತಡೆಯುವ ವಾಷರನ್ನು ಇಡಬೇಕು.

ಪರಿಹಾರ ಪಡೆಯುವ ಕ್ರಮ

ಆಲಿಕಲ್ಲು ಮಳೆಯು ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ನೆರವು ನೀಡಬಹುದಾದ ವಿಪತ್ತುಗಳ ಪಟ್ಟಿಯಲ್ಲಿ ಸೇರಿದೆ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಸರ್ಕಾರವು ನಿಗದಿಪಡಿಸಿದ ಮಾನದಂಡದ ಪ್ರಕಾರ, ಸಂಪೂರ್ಣ ನಾಶವಾದ ಅಥವಾ ತೀವ್ರ ಹಾನಿಗೊಂಡ ಮನೆಗೆ ಬಯಲು ಪ್ರದೇಶದಲ್ಲಿ 1,20,000 ರೂಪಾಯಿ. ಕನಿಷ್ಠ ಶೇಕಡಾ 15ರಷ್ಟು ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಗುಡಿಸಲಿಗೆ 8,000 ರೂಪಾಯಿ ಎಂದಿತ್ತು. ಈ ಮೊತ್ತಗಳು ಕಾಲಕಾಲಕ್ಕೆ ಪರಿಷ್ಕೃತವಾಗುತ್ತವೆ. ಕೆಲವು ರಾಜ್ಯಗಳು ತಮ್ಮ ಬೊಕ್ಕಸದಿಂದ ಹೆಚ್ಚಿನ ಹಣವನ್ನೂ ಸೇರಿಸುವುದುಂಟು. ಆದಕಾರಣ ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ದರವನ್ನು ತಹಶೀಲ್ ಕಚೇರಿಯಲ್ಲಿ ವಿಚಾರಿಸಬೇಕು. ಮನೆಯು ಅಧಿಕೃತ ನಿರ್ಮಾಣವಾಗಿರಬೇಕೆಂಬ ನಿಬಂಧನೆಯೂ ಇರುವುದರಿಂದ ಮನೆ ತೆರಿಗೆಯ ರಸೀದಿ ಮುಂತಾದ ದಾಖಲೆಗಳು ಕೈಗೆ ಸಿಗುವಂತಿರಬೇಕು.

ನೆರವಿಗೆ ಮೂಲಾಧಾರವು ಕಂದಾಯ ಸಿಬ್ಬಂದಿ ಸ್ಥಳಕ್ಕೆ ಬಂದು ಬರೆಯುವ ಮಹಜರು ಅಥವಾ ಪಂಚನಾಮೆ. ಅದಕ್ಕೆ ಮುಂಚೆಯೇ ಒಡೆದ ಶೀಟುಗಳನ್ನು ಎಸೆದರೆ ಸಾಕ್ಷ್ಯವೇ ಇಲ್ಲದಂತಾಗುತ್ತದೆ. ಛಾವಣಿಯ, ಒಳಕೋಣೆಯ ಹಾಗೂ ನೆಲದ ಮೇಲೆ ಬಿದ್ದ ಕಲ್ಲುಗಳ ಛಾಯಾಚಿತ್ರಗಳನ್ನು ದಿನಾಂಕಸಹಿತ ತೆಗೆದಿಡಬೇಕು. ಕಲ್ಲಿನ ಗಾತ್ರ ತಿಳಿಯಲು ಪಕ್ಕದಲ್ಲೊಂದು ನಾಣ್ಯವನ್ನಿಟ್ಟರೆ ಸಾಕು. ಹೊರರಾಜ್ಯಗಳಲ್ಲಿರುವ ಕನ್ನಡಿಗರು ಅರ್ಜಿಯಲ್ಲಿ ಸ್ಥಳೀಯ ಪದವನ್ನೇ ಬಳಸುವುದು ಲೇಸು: ಮರಾಠಿಯಲ್ಲಿ ಇದು ಗಾರಪೀಟ, ಹಿಂದಿಯಲ್ಲಿ ಓಲಾವೃಷ್ಟಿ, ತೆಲುಗಿನಲ್ಲಿ ವಡಗಳ್ಳ ವಾನ, ತಮಿಳಿನಲ್ಲಿ ಆಲಂಗಟ್ಟಿ ಮಳೈ. ಬಾಡಿಗೆದಾರರು ಹಾನಿಯನ್ನು ಮನೆಯ ಮಾಲೀಕರಿಗೆ ಲಿಖಿತವಾಗಿ ತಿಳಿಸಬೇಕು. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ ಸಾಮಾನ್ಯ ತಾರಸಿಯ ಸೋರಿಕೆಯ ದುರಸ್ತಿ ಸಂಘದ ಹೊಣೆ. ಮೇಲಂತಸ್ತಿನವರೊಬ್ಬರೇ ಅದರ ವೆಚ್ಚವನ್ನು ಹೊರಬೇಕಾಗಿಲ್ಲ.

ವಿಮೆಯ ವಿಷಯ

2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ ಗೃಹ ರಕ್ಷಾ ಎಂಬ ಪ್ರಮಾಣಿತ ಪಾಲಿಸಿಯಲ್ಲಿ ಬಿರುಗಾಳಿ, ಚಂಡಮಾರುತ, ಪ್ರವಾಹ ಮೊದಲಾದ ಆಪತ್ತುಗಳು ಸೇರಿವೆ. ಆಲಿಕಲ್ಲಿನ ಪೆಟ್ಟು ಇದರ ವ್ಯಾಪ್ತಿಗೆ ಹೇಗೆ ಬರುತ್ತದೆ ಎಂಬುದನ್ನು ಪಾಲಿಸಿ ಕೊಳ್ಳುವಾಗಲೇ ಬರಹದಲ್ಲಿ ಕೇಳಿ ಪಡೆಯುವುದು ವಿವೇಕ. ಕಟ್ಟಡದ ವಿಮಾ ಮೊತ್ತವು ಪುನರ್ನಿರ್ಮಾಣದ ವೆಚ್ಚವನ್ನು ಅವಲಂಬಿಸುತ್ತದೆಯೇ ಹೊರತು ನಿವೇಶನದ ಮಾರುಕಟ್ಟೆ ಬೆಲೆಯನ್ನಲ್ಲ. ಹಾನಿಯಾದೊಡನೆ ಕಂಪನಿಗೆ ತಿಳಿಸಿ, ಸಮೀಕ್ಷಕನು ನೋಡುವವರೆಗೆ ಶಾಶ್ವತ ದುರಸ್ತಿಯನ್ನು ತಡೆಹಿಡಿಯಬೇಕು. ಆದರೆ ಹಾನಿ ಹೆಚ್ಚದಂತೆ ತಾಡಪತ್ರಿ ಹೊದಿಸುವುದು ಪಾಲಿಸಿದಾರನ ಕರ್ತವ್ಯವೇ ಆಗಿದೆ. ಅದರ ರಸೀದಿಯನ್ನು ಕಾದಿಡಬೇಕು. ಹಳೆಯ ತುಕ್ಕು, ಸಹಜ ಸವೆತಗಳಿಗೆ ಪರಿಹಾರ ದೊರೆಯದು. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಸಮಾಧಾನಕರ ಉತ್ತರ ಬಾರದಿದ್ದಲ್ಲಿ ವಿಮಾ ಲೋಕಪಾಲರಲ್ಲಿ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ.

ಮುಂಜಾಗ್ರತೆ

ಪ್ರತಿವರ್ಷ ಫೆಬ್ರವರಿಯ ಮೊದಲಲ್ಲಿ ತಾರಸಿಯ ಕೊಳವೆಗಳನ್ನು ಶುಚಿಗೊಳಿಸುವುದು, ಸಡಿಲವಾದ ಬೋಲ್ಟುಗಳನ್ನು ಬಿಗಿಗೊಳಿಸುವುದು, ಛಾವಣಿಯ ಮೇಲೆ ಚಾಚಿದ ಒಣಕೊಂಬೆಗಳನ್ನು ಕಡಿಸುವುದು, ಹತ್ತಿಪ್ಪತ್ತು ಹಂಚುಗಳನ್ನೂ ಒಂದು ತಾಡಪತ್ರಿಯನ್ನೂ ಮನೆಯಲ್ಲಿಡುವುದು, ಛಾವಣಿಯ ಈಗಿನ ಸ್ಥಿತಿಯ ಛಾಯಾಚಿತ್ರ ತೆಗೆದಿಡುವುದು ಇವೆಲ್ಲ ಅಲ್ಪ ವೆಚ್ಚದ ಕೆಲಸಗಳು. ಭಾರತೀಯ ಹವಾಮಾನ ಇಲಾಖೆಯು ಗುಡುಗು ಮಳೆ, ಆಲಿಕಲ್ಲುಗಳ ಮುನ್ನೆಚ್ಚರಿಕೆಯನ್ನು ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಸಂಕೇತದೊಡನೆ ಪ್ರಕಟಿಸುತ್ತದೆ. ಮುಂದಿನ ಮೂರು ಗಂಟೆಗಳ ಮುನ್ಸೂಚನೆಯೂ ಲಭ್ಯವಿದೆ. ಎಚ್ಚರಿಕೆ ಬಂದಾಗ ಶೀಟು ಹೊದಿಸಿದ ಮನೆಯವರು ಹತ್ತಿರದ ಕಾಂಕ್ರೀಟ್ ಛಾವಣಿಯ ಶಾಲೆಗೋ ನೆರೆಮನೆಗೋ ಹೋಗುವುದು ಉತ್ತಮ.

ದೃಷ್ಟಾಂತದ ಆ ಯಜಮಾನನು ಏಣಿಯನ್ನು ಗೋಡೆಗೇ ಬಿಟ್ಟು ಒಳಗೆ ಬಂದನೆಂದು ಭಾವಿಸಿದರೆ, ಮುಂದಿನದೆಲ್ಲ ಸುಲಭ. ಮನೆಯವರೆಲ್ಲ ಕೂಡಿ ಚೀಲಗಳನ್ನು ಒಣ ಮೂಲೆಗೆ ಸರಿಸುತ್ತಾರೆ; ನೆನೆದ ಜೋಳವನ್ನು ಮರುದಿನ ಬಿಸಿಲಿಗೆ ಹರವಿದರೆ ಬಹುಪಾಲು ಉಳಿಯುತ್ತದೆ. ಪಂಚನಾಮೆಗೆ ಒಡೆದ ಶೀಟು ಇದೆ, ಗೋಡೆಯ ಮೇಲೆ ಸೀಮೆಸುಣ್ಣದ ಗುರುತಿದೆ, ಸಹಿ ಹಾಕಲು ಯಜಮಾನನೂ ಇದ್ದಾನೆ.