ಹರಿಗೋಲಿನ ಅಡಿ ಬಿರುಕು ಬಿಟ್ಟಿದೆ, ಟಾರ್ ಬಳಿಯಲೇ?

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನ ಆನೆಗೊಂದಿ ಕಡೆಯವನು. ಹೊಳೆಯಲ್ಲಿ ಮೀನು ಹಿಡಿಯುತ್ತೇನೆ, ಪ್ರವಾಸಿಗರು ಬಂದರೆ ಒಂದು ಸುತ್ತು ಕರೆದೊಯ್ಯುತ್ತೇನೆ. ನನ್ನ ಫೈಬರ್ ಹರಿಗೋಲಿನ ಅಡಿ ಬಿರುಕು ಬಿಟ್ಟು ನೀರು ಜಿನುಗುತ್ತಿದೆ. ಟಾರ್ ಬಳಿದರೆ ಸಾಕು ಅಂತಾನೆ ಮಗ. ಹೊಸದು ಕೊಳ್ಳುವ ಶಕ್ತಿ ಇಲ್ಲ. ಏನು ಮಾಡಲಿ?

ಉತ್ತರ: ದುರಸ್ತಿ ಮುಗಿಯುವ ತನಕ ಅದಕ್ಕೆ ಯಾರನ್ನೂ ಹತ್ತಿಸಬೇಡಿ, ನೀವೂ ಹತ್ತಬೇಡಿ. ನಾಲ್ಕು ದಿನದ ಗಳಿಕೆ ಹೋದರೆ ಹೋಗಲಿ.

ಮಗನ ಮಾತು ಬಿದಿರಿನ ಹರಿಗೋಲಿಗೆ ಸರಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಬೆತ್ತ ಹೆಣೆದು ತೊಗಲು ಹೊದಿಸಿದ ಗುಂಡು ದೋಣಿಗಳಲ್ಲಿ ಜನ ಇಲ್ಲಿ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಂಥದರಲ್ಲಿ ಭಾರ ಹೊರುವುದು ಹೆಣಿಗೆ. ತೊಗಲು, ಟಾರ್ ನೀರು ತಡೆಯುತ್ತವೆ ಅಷ್ಟೆ. ಫೈಬರಿನಲ್ಲಿ ಭಾರ ಹೊರುವುದೂ ನೀರು ತಡೆಯುವುದೂ ಅದೇ ಒಂದು ಹಾಳೆ. ಅದು ಸೀಳಿದ ಮೇಲೆ ಟಾರ್ ಬಳಿದರೆ ಬಿರುಕು ಮುಚ್ಚುತ್ತದೆ, ಬಲ ಬರುವುದಿಲ್ಲ.

ಹರಿಗೋಲನ್ನು ಮರಳಿನ ಮೇಲೆ ಬೋರಲು ಹಾಕಿ, ತೊಳೆದು, ಕೆಲವು ದಿನ ಬಿಸಿಲಿಗೆ ಒಣಗಿಸಿ. ಆಮೇಲೆ ಒಂದು ನಾಣ್ಯ ಹಿಡಿದು ಬಿರುಕಿನ ಸುತ್ತ ತಟ್ಟುತ್ತಾ ಹೋಗಿ. ಟಣ್ ಎಂದರೆ ಒಳಗೆ ಗಟ್ಟಿ. ಡಬ್ ಎಂದರೆ ಅಲ್ಲಿ ಪದರಗಳು ಬಿಟ್ಟುಕೊಂಡಿವೆ. ಸೀಮೆಸುಣ್ಣದಿಂದ ಗುರುತು ಹಾಕಿ. ಕೂದಲೆಳೆಯಂಥ ಗೀರು ಬರೀ ಮೇಲಿನ ಬಣ್ಣದ ಪದರದ್ದಾದರೆ ಭಯವಿಲ್ಲ. ನಿಮ್ಮದು ಜಿನುಗುತ್ತಿದೆ, ಅಂದರೆ ಸೀಳು ಆರಪಾರ ಹೋಗಿದೆ.

ಹಾಗಾಗಿ ಒಳಗೂ ಹೊರಗೂ ಗಾಜಿನ ನಾರಿನ ಮ್ಯಾಟ್ ಕೂರಿಸಬೇಕು. ಸಡಿಲಾದದ್ದನ್ನೆಲ್ಲ ಗ್ರೈಂಡರಿನಿಂದ ತೆಗೆದು, ಅಂಚನ್ನು ಇಳಿಜಾರಾಗಿ ಉಜ್ಜಿ. ಹಾಳೆ 5 ಮಿಲಿಮೀಟರ್ ದಪ್ಪವಿದ್ದರೆ ಸೀಳಿನ ಎರಡೂ ಕಡೆ 60 ಮಿಲಿಮೀಟರ್‌ವರೆಗೆ ಇಳಿಜಾರು ಬೇಕು. ಈ ಕೆಲಸದಲ್ಲಿ ಆತುರಪಟ್ಟರೆ ತೇಪೆ ಎದ್ದು ಬರುತ್ತದೆ. ಗಾಜಿನ ಧೂಳು ಎದೆಗೆ ಕೆಟ್ಟದ್ದು, ಮಾಸ್ಕ್ ಮತ್ತು ಕನ್ನಡಕ ಹಾಕಿಕೊಳ್ಳಿ. ಅಸಿಟೋನಿನಿಂದ ಒರೆಸಿ, ಸೀಮೆಎಣ್ಣೆ ಬೇಡ, ಜಿಡ್ಡು ಉಳಿದರೆ ರೆಸಿನ್ ಹಿಡಿಯುವುದಿಲ್ಲ.

ಪಾಲಿಯೆಸ್ಟರ್ ರೆಸಿನ್ 100 ಗ್ರಾಂಗೆ ಹಾರ್ಡನರ್ 1ರಿಂದ 2 ಗ್ರಾಂ. ನಮ್ಮ ಬೇಸಿಗೆಯಲ್ಲಿ ಅದು ಬಟ್ಟಲಲ್ಲೇ ಗಟ್ಟಿಯಾಗಿಬಿಡುತ್ತದೆ. ಬೆಳಗಿನ ತಂಪಿನಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ. ಸಣ್ಣ ಮ್ಯಾಟ್ ಮೊದಲು, ಅದರ ಮೇಲೆ ದೊಡ್ಡದು. ಪ್ರತಿ ಪದರಕ್ಕೂ ರೆಸಿನ್ ಬಳಿದು, ಬ್ರಷ್ಷಿನಿಂದ ಒತ್ತಿ ಗಾಳಿಗುಳ್ಳೆ ಹೊರಡಿಸಿ. ರೆಸಿನ್ ಬೇಗ ಗಟ್ಟಿಯಾಗಿಸುವ ಕೋಬಾಲ್ಟನ್ನು ಅಂಗಡಿಯವರು ಬೇರೆಯಾಗಿ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್ನಿಗೆ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಇವೆರಡನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹತ್ತಿ ಸಿಡಿಯಬಹುದು. ಮಗನಿಗೂ ಇದನ್ನು ತಿಳಿಸಿ ಹೇಳಿ. ಹಾರ್ಡನರ್ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನೀರು ಹೊಯ್ದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಡಬ್ ಎನ್ನುವ ಜಾಗ ಅಗಲವಾಗಿ ಹಬ್ಬಿದ್ದರೆ ನೀವೇ ಕೈ ಹಾಕಬೇಡಿ. ಫೈಬರ್ ದೋಣಿ ಮಾಡುವವರಿಗೆ ತೋರಿಸಿ. ಅವರು ಆಗದು ಎಂದರೆ ಜನರನ್ನು ಕೂರಿಸುವ ಆಸೆ ಬಿಡಿ.

ಕೆಲವು ದಿನ ಗಟ್ಟಿಯಾಗಲು ಬಿಟ್ಟು, ದಡದ ಬಳಿ ಮೊಣಕಾಲುದ್ದ ನೀರಿನಲ್ಲಿ ಮರಳಿನ ಚೀಲ ಹೇರಿ ಒಂದು ಗಂಟೆ ನಿಲ್ಲಿಸಿ. ತೇಪೆಯ ಮೇಲೆ ಕೈಯಾಡಿಸಿದಾಗ ಪಸೆ ಹತ್ತಬಾರದು. ಇನ್ನು ಮುಂದೆ ಬಂಡೆಯ ಮೇಲೆ ದರದರ ಎಳೆಯದೆ ಇಬ್ಬರು ಎತ್ತಿ ಇಡಿ.